ಚೀನಾಕ್ಕೆ ದಾರಿ ದಾವಣಗೆರೆಯಿಂದಲೇ

ಇಂಗ್ಲೆಂಡಿನ ನಮ್ಮ ಕನ್ನಡ ಸಂಘದ ಪತ್ರಿಕೆಗೆ ಈ ಸಲದ ಸಂಪಾದಕೀಯವನ್ನು ದಾವಣಗೆರೆಯಲ್ಲಿ, ಅಕ್ಕನ ಮನೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಸಂಚಿಕೆ ತಡವಾಗಿದ್ದಕ್ಕೆ ಬೆಣ್ಣೆದೋಸೆ ಕಾರಣ ಅಂತ ನಮ್ಮ ಕಾರ್ಯದರ್ಶಿಗಳು ಎಲ್ಲರಿಗೂ ಹೇಳಿದ್ದಾರಂತೆ. ಅರ್ಧ ನಿಜ. ಇನ್ನರ್ಧಕ್ಕೆ ಕಾರಣ ನನ್ನ ಅಕ್ಕನ ಮಗನ ಚೀನಾ ವೀಸಾ.

ಅವನದು ಮಂಡಕ್ಕಿ ವ್ಯಾಪಾರ. ಭಟ್ಟಿಯಿಂದ ಮಂಡಕ್ಕಿ ತಂದು, ಖಾರ ಹಚ್ಚಿ, ಪ್ಯಾಕೆಟ್ ಮಾಡಿ ಅಂಗಡಿಗಳಿಗೆ ಹಾಕುತ್ತಾನೆ. ಪ್ಯಾಕಿಂಗ್ ಎಲ್ಲ ಕೈಯಲ್ಲೇ. ಅದಕ್ಕೊಂದು ಮಷಿನ್ ಬೇಕು ಅಂತ ಮೂರು ವರ್ಷದಿಂದ ಹೇಳುತ್ತಿದ್ದ. 2025ರ ಸೆಪ್ಟೆಂಬರ್‌ನಲ್ಲಿ ನನ್ನ ಮಗಳ ಗೃಹಪ್ರವೇಶಕ್ಕೆ ಅಂತ ವಿಸಿಟರ್ ವೀಸಾದ ಮೇಲೆ ಇಂಗ್ಲೆಂಡಿಗೆ ಬಂದ. (ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು. ನಾನು ಹೋಗಿ ಸೇರಿದ್ದು ಅಸಲಿ ಮ್ಯಾಂಚೆಸ್ಟರ್ ಪಕ್ಕಕ್ಕೆ. ಈಗ ಎರಡೂ ಕಡೆ ಗಿರಣಿಗಳ ಸದ್ದಿಲ್ಲ.)

ಬಂದವನ ತಲೆಯಲ್ಲಿ ಒಂದು ಲೆಕ್ಕ ಇತ್ತು. ಚೀನಾದ ಗ್ವಾಂಗ್‌ಝೌ ಊರಿನಲ್ಲಿ ಕ್ಯಾಂಟನ್ ಮೇಳ ಅನ್ನುವ ದೊಡ್ಡ ವ್ಯಾಪಾರ ಮೇಳ 1957ರಿಂದ ನಡೆಯುತ್ತಿದೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ 15ಕ್ಕೆ ಒಂದು, ಅಕ್ಟೋಬರ್ 15ಕ್ಕೆ ಇನ್ನೊಂದು. ಮಷಿನ್‌ಗಳು ಮೊದಲ ಐದು ದಿನದಲ್ಲೇ ಇರುತ್ತವೆ.

"ಮಾಮ, ಹೆಂಗೂ ವಾಪಸ್ ಹೋಗ್ತೀನಲ್ಲ. ಇಲ್ಲೇ ವೀಸಾ ಮಾಡಿಸ್ಕೊಂಡು ನಾಕು ದಿನ ಅಲ್ಲಿ ಇಳಿದು ಹೋದ್ರಾತು."

ಮ್ಯಾಂಚೆಸ್ಟರ್‌ನಿಂದ ಬೆಂಗಳೂರಿಗೆ ಬರುವ ದಾರಿಯಲ್ಲಿ ಗ್ವಾಂಗ್‌ಝೌ ಎಲ್ಲಿ ಬರುತ್ತೆ ಅಂತ ನಾನೂ ಕೇಳಲಿಲ್ಲ. ಒಬ್ಬ ಟ್ರಾವೆಲ್ ಏಜೆಂಟ್ "ಆಗುತ್ತೆ ಸಾರ್, ಏನೂ ತೊಂದರೆ ಇಲ್ಲ" ಅಂದರು. ಆಮೇಲೆ ಅವರು ಫೋನ್ ಎತ್ತಲಿಲ್ಲ, ಅದು ಬೇರೆ ಮಾತು.

ಆಗಲಿಲ್ಲ. ಚೀನಾ ವೀಸಾವನ್ನು ನಿಮ್ಮ ಸ್ವಂತ ದೇಶದಲ್ಲಿ ಕೇಳಬೇಕು. ಬೇರೆ ದೇಶದಲ್ಲಿ ಕೇಳುವುದಾದರೆ ಅಲ್ಲಿ ವಾಸಕ್ಕೋ ಕೆಲಸಕ್ಕೋ ಓದಿಗೋ ಪರವಾನಗಿ ಇದೆ ಅಂತ ಕಾಗದ ತೋರಿಸಬೇಕು. ನೆಂಟರ ಮನೆಗೆ ಬಂದವನ ಹತ್ತಿರ ಅದೆಲ್ಲಿಂದ ಬರಬೇಕು? ನನ್ನದೂ ಅವನದೂ ಭಾರತದ ಒಂದೇ ನೀಲಿ ಪಾಸ್‌ಪೋರ್ಟ್. ನಾನಾದರೆ ಅಲ್ಲೇ ಅರ್ಜಿ ಹಾಕಬಹುದು, ಅವನು ಹಾಕುವ ಹಾಗಿಲ್ಲ. ಯಾಕಂದ್ರೆ ನಾನು ಅಲ್ಲಿ ಕರೆಂಟ್ ಬಿಲ್ ಕಟ್ಟುವವನು, ಅವನು ನಮ್ಮ ಮನೆಯಲ್ಲಿ ಊಟ ಮಾಡುವವನು.

ಆಮೇಲೆ ಶುರುವಾಯಿತು ಅಡ್ಡದಾರಿಗಳ ಹುಡುಕಾಟ. ಒಂದು ದೇಶದಿಂದ ಬಂದು ಇನ್ನೊಂದು ದೇಶಕ್ಕೆ ಹೋಗುವವರಿಗೆ ಚೀನಾ 240 ಗಂಟೆ, ಅಂದರೆ ಹತ್ತು ದಿನ, ವೀಸಾ ಇಲ್ಲದೆ ಇಳಿಯಲು ಬಿಡುತ್ತೆ. 2024ರ ಡಿಸೆಂಬರ್‌ನಲ್ಲಿ ಬಂದ ಸೌಲಭ್ಯ ಇದು. ಆದರೆ ಗೊತ್ತುಮಾಡಿದ ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ ಮಾತ್ರ. ಆ ಪಟ್ಟಿಯಲ್ಲಿ ಬ್ರಿಟನ್ ಇದೆ, ಭಾರತ ಇಲ್ಲ. ಮಂಡಕ್ಕಿ ಮಷಿನ್ ಅಂದರೇನು ಅಂತಲೇ ಗೊತ್ತಿಲ್ಲದ, ಬ್ರಿಟಿಷ್ ಪಾಸ್‌ಪೋರ್ಟಿನ ನನ್ನ ಮಗಳು ಹತ್ತು ದಿನ ಮೇಳ ಸುತ್ತಬಹುದಿತ್ತು. ಭಾರತದವರಿಗೂ ಸಿಗುವುದು 24 ಗಂಟೆಯ ಟ್ರಾನ್ಸಿಟ್. ಅದರಲ್ಲಿ ಏರ್‌ಪೋರ್ಟ್ ಬಿಟ್ಟು ಹೊರಗೆ ಹೋಗಲು ಅಲ್ಲಿನ ಅಧಿಕಾರಿ ಒಪ್ಪಬೇಕು. ಅಷ್ಟರಲ್ಲಿ ಏನು ಮಷಿನ್ ನೋಡೋದು!

"ಹಾಂಗ್‌ಕಾಂಗ್ ಚೀನಾದ್ದೇ ಅಲ್ವಾ ಮಾಮ?" ಅಂದ. ಹೌದು, ಚೀನಾದ್ದೇ. ಆದರೆ ವಲಸೆ ಕಾನೂನು ಬೇರೆ. ಅಲ್ಲಿಗೆ ಹೋಗುವ ಭಾರತೀಯರು 2017ರಿಂದ ಮೊದಲೇ ಆನ್‌ಲೈನ್‌ನಲ್ಲಿ ನೋಂದಾಯಿಸಿಕೊಂಡರೆ ಸಾಕು, 14 ದಿನ ಇರಬಹುದು. ಅಲ್ಲಿಂದ ಗ್ವಾಂಗ್‌ಝೌಗೆ ಒಂದು ತಾಸಿನ ರೈಲು. ಅದನ್ನು ಹತ್ತಲು ಮತ್ತೆ ಅದೇ ಚೀನಾ ವೀಸಾ ಬೇಕು. ಅಳಿಯ ಸುಮ್ಮನೆ ಬೆಂಗಳೂರು ವಿಮಾನ ಹತ್ತಿದ.

ಇದನ್ನು ಇಷ್ಟು ಉದ್ದಕ್ಕೆ ಯಾಕೆ ಹೇಳುತ್ತಿದ್ದೇನೆ ಅಂದರೆ, ಬೇಸಿಗೆಗೆ ನಿಮ್ಮಲ್ಲಿ ಬಹಳ ಮಂದಿ ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತೀರಿ. "ಬಂದಮೇಲೆ ಪ್ಯಾರಿಸ್ ತೋರಿಸೋಣ, ವೀಸಾ ಇಲ್ಲೇ ಮಾಡಿಸೋಣ" ಅಂದುಕೊಳ್ಳಬೇಡಿ. ಪ್ಯಾರಿಸ್‌ಗೆ ಬೇಕಾದ ಷೆಂಗೆನ್ ವೀಸಾಕ್ಕೂ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಸಾಮಾನ್ಯವಾಗಿ ಇದೇ ನಿಯಮ. ವಾಸ ಇರುವ ದೇಶದಲ್ಲೇ ಅರ್ಜಿ ಹಾಕಬೇಕು. ಬ್ರಿಟನ್ನಿನದು, ಷೆಂಗೆನ್ನಿನದು ಎರಡೂ ವೀಸಾ ಊರಲ್ಲೇ ಮಾಡಿಸಿಕೊಂಡು ವಿಮಾನ ಹತ್ತಲಿ.

ಈಗ ಏಪ್ರಿಲ್ ಮೇಳಕ್ಕೆ ಎರಡನೇ ಪ್ರಯತ್ನ, ಈ ಸಲ ದಾವಣಗೆರೆಯಿಂದ. ಬೆಂಗಳೂರಿನಲ್ಲಿ ಚೀನಾದ ಕಾನ್ಸುಲೇಟ್ ಇಲ್ಲ. ಕರ್ನಾಟಕದವರು ಮುಂಬೈ ಕಡೆ ನೋಡಬೇಕು. ಅರ್ಜಿ ಆನ್‌ಲೈನ್, ತುಂಬುವವನು ನಾನು. ಹುಟ್ಟಿದ ಊರಿನ ಹತ್ತಿರ ಬಂದು ನಿಂತೆವು. ಅವನು ಹುಟ್ಟಿದ್ದು 1993ರಲ್ಲಿ, ಇದೇ ದಾವಣಗೆರೆಯಲ್ಲಿ. ಜನನ ಪ್ರಮಾಣಪತ್ರದಲ್ಲಿ ಚಿತ್ರದುರ್ಗ ಜಿಲ್ಲೆ ಅಂತಿದೆ. ದಾವಣಗೆರೆ ಜಿಲ್ಲೆ ಆದದ್ದೇ 1997ರ ಆಗಸ್ಟ್ 15ಕ್ಕೆ, ಏನು ಮಾಡೋದು? ಅವನ ಹೆಂಡತಿ ಹರಪನಹಳ್ಳಿಯವಳು. ಆ ಊರು ಬಳ್ಳಾರಿಯಿಂದ ದಾವಣಗೆರೆಗೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಕೂತಲ್ಲೇ ಕೂತು ಮೂರು ಜಿಲ್ಲೆ ನೋಡಿದ ಊರು. ಸದ್ಯ, ಅವಳು ಚೀನಾಕ್ಕೆ ಹೋಗುತ್ತಿಲ್ಲ. ಕೊನೆಗೆ ಪಾಸ್‌ಪೋರ್ಟ್‌ನಲ್ಲಿ ಇದ್ದದ್ದನ್ನೇ ಅಕ್ಷರ ಬಿಡದೆ ಬರೆದೆವು. ಇಂಗ್ಲಿಷಿನಲ್ಲಿ ನಮ್ಮ ಊರನ್ನು ಎರಡು ಥರ ಬರೆಯುತ್ತಾರಲ್ಲ, ಅದಕ್ಕೂ ಅದೇ ಮದ್ದು.

ನಾವು ಫಾರಂ ತುಂಬುವಾಗ ಪಕ್ಕದ ಮನೆಯ ಹುಡುಗಿ ಬಂದು ನೋಡಿ ನಕ್ಕಳು. ಅವಳು ಚೀನಾದಲ್ಲಿ ಎಂಬಿಬಿಎಸ್ ಓದಿದವಳು. 2020ರ ಜನವರಿಯಲ್ಲಿ ರಜಕ್ಕೆ ಅಂತ ಬಂದಳು. ಕೊರೊನಾ ಬಂತು, ಬಾಗಿಲು ಮುಚ್ಚಿತು. ಚೀನಾ ವಿದ್ಯಾರ್ಥಿ ವೀಸಾ ಮತ್ತೆ ಕೊಡಲು ಶುರು ಮಾಡಿದ್ದು 2022ರ ಆಗಸ್ಟ್‌ನಲ್ಲಿ. ಅವಳ ಹಾಗೆ ಭಾರತದ 23,000ಕ್ಕೂ ಹೆಚ್ಚು ಮಕ್ಕಳು ಸಿಕ್ಕಿಹಾಕಿಕೊಂಡಿದ್ದರು. ಎರಡೂವರೆ ವರ್ಷ ಈ ಬೀದಿಯಲ್ಲೇ, ಮೊಬೈಲ್‌ನಲ್ಲಿ ಅನಾಟಮಿ. "ಅಂಕಲ್, ನಿಮ್ಮದು ಬರೀ ಒಂದು ಮಷಿನ್ ತಾನೆ?" ಅಂದಳು. ನಾನು ಬಾಯಿ ಮುಚ್ಚಿಕೊಂಡು ಮುಂದಿನ ಪುಟಕ್ಕೆ ಹೋದೆ.

ಒಳ್ಳೆಯ ಸುದ್ದಿಯೂ ಇದೆ. 2020ರಲ್ಲಿ ನಿಂತ ನೇರ ವಿಮಾನ 2025ರ ಅಕ್ಟೋಬರ್‌ನಿಂದ ಮತ್ತೆ ಹಾರುತ್ತಿದೆ, ಮೊದಲು ಹೊರಟದ್ದೇ ಕೋಲ್ಕತ್ತಾದಿಂದ ಗ್ವಾಂಗ್‌ಝೌಗೆ. ವ್ಯಾಪಾರದ ವೀಸಾಕ್ಕೆ ಬೇಕಾದ ಆಹ್ವಾನ ಪತ್ರವೂ ಮೇಳದವರಿಂದ ಬಂದಿದೆ.

ಉಳಿದದ್ದು ಫೋಟೋ. ನಮ್ಮ ಪಾಸ್‌ಪೋರ್ಟ್ ಸೈಜ್ 35 ಮಿ.ಮೀ. ಅಗಲ, 45 ಎತ್ತರ. ಚೀನಾದವರಿಗೆ 33 ಅಗಲ, 48 ಎತ್ತರ ಬೇಕು. ಬಿಳಿ ಹಿನ್ನೆಲೆ, ಹುಬ್ಬು ಕಿವಿ ಕಾಣಬೇಕು. ಸ್ಟುಡಿಯೋದವರು ಸ್ಕೇಲ್ ಇಟ್ಟು ಅಳೆದು, "ಇದು ಯಾವ ದೇಶದ್ರೀ, ಉದ್ದ ಮುಖದೋರ್ದಾ?" ಅಂದರು. ಅಳಿಯ ಪೂಜೆ ಮುಗಿಸಿ ಸೀದಾ ಬಂದಿದ್ದ, ಹಣೆ ತುಂಬ ವಿಭೂತಿ. ನಿಯಮದಲ್ಲಿ ವಿಭೂತಿಯ ಮಾತೇ ಇಲ್ಲ. ಆದರೂ ಯಾಕೆ ರಿಸ್ಕ್ ಅಂತ ಕರ್ಚೀಫ್ ತೆಗೆದು ಒರೆಸಿಕೊಂಡ.

ಎಂಟು ಪ್ರತಿ ಹಾಕಿಕೊಟ್ಟರು. ಎರಡು ಅರ್ಜಿಗೆ ಹೋದವು. ಉಳಿದ ಆರು ಇಲ್ಲಿ ಬೇರೆ ಯಾವ ಫಾರಂಗೂ ಅಂಟೋದಿಲ್ಲ. ಅಕ್ಕ ಒಂದನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದಳು: "ಯಾರಪ್ಪ ಈ ಹುಡುಗ?"