ಗಟ್ಟಿಯಾದ ರಬ್ಬರಿಗೆ ಏನು ಹಚ್ಚಬೇಕು?

ಎಲ್ಲರ ಗಮನಕ್ಕೆ. ಮಳೆಗೆ ಮುಂಚೆ ತೋಟಕ್ಕೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಯಲು ಸ್ಪ್ರೇಯರ್ ಕೆಳಗಿಳಿಸಿದವರು, ಹಳೇ ಜೀಪು, ಬೈಕು ಇಟ್ಟುಕೊಂಡವರು ಇದನ್ನೇ ಕೇಳುತ್ತಿದ್ದೀರಿ. ಒಮ್ಮೆಗೇ ಬರೆದುಬಿಡುತ್ತೇನೆ.

ತೆಂಗಿನೆಣ್ಣೆ, ಡೀಸೆಲ್ ಬೇಡವೇ ಬೇಡ. ಹಚ್ಚಿದ ಕೂಡಲೇ ಹೊಳೆಯುತ್ತದೆ ನಿಜ, ಆದರೆ ನೈಸರ್ಗಿಕ ರಬ್ಬರ್ ಅದನ್ನು ಹೀರಿ ಉಬ್ಬಿ ಬಲ ಕಳೆದುಕೊಳ್ಳುತ್ತದೆ. ನಮ್ಮ ಚಳಿಗೆ ಬಿಗಿದದ್ದಷ್ಟೇ ಆದರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಕೂರಿಸಿ, ಸಾಕು.

ವಯಸ್ಸಾಗಿ ಗಟ್ಟಿಯಾದದ್ದಕ್ಕೆ ವಿಂಟರ್‌ಗ್ರೀನ್ ಎಣ್ಣೆ. ನೋವಿನ ಮುಲಾಮಿನ ವಾಸನೆ ಬರುತ್ತದಲ್ಲ, ಅದೇ. 1 ಪಾಲು ಎಣ್ಣೆಗೆ 2–3 ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಿ, ಗಾಜಿನ ಬಾಟಲಿಯಲ್ಲಿ ಮುಳುಗಿಸಿ, ಆಗಾಗ ತೆಗೆದು ಒತ್ತಿ ನೋಡಿ. ಹೆಚ್ಚು ಬಿಟ್ಟರೆ ಉಬ್ಬಿ ಜಾಗಕ್ಕೆ ಕೂರುವುದಿಲ್ಲ. ಕಾರ್ಬುರೇಟರ್ ಹಿಂದಿನ ರಬ್ಬರ್ ಕೊಳವೆಗೆ ಇದು ಒಳ್ಳೆಯದು. ಬಿರುಕು ಬಿಟ್ಟದ್ದು ಮಾತ್ರ ಯಾವುದಕ್ಕೂ ಕೂಡುವುದಿಲ್ಲ. ಮೆತ್ತಗಾದದ್ದೂ ಶಾಶ್ವತವಲ್ಲ.

ಕೆಲಸ ಹೊರಗೆ, ಗಾಳಿಯಲ್ಲಿ, ಒಲೆಯಿಂದ ದೂರ. ಬಾಟಲಿ ಮಕ್ಕಳ ಕೈಗೆ ಸಿಗದಿರಲಿ: ಒಂದು ಟೀ ಚಮಚ ಎಣ್ಣೆ ಹೊಟ್ಟೆಗೆ ಹೋದರೂ ಸಣ್ಣ ಮಗುವಿನ ಜೀವಕ್ಕೆ ಅಪಾಯ.

ಬ್ರೇಕಿನ ರಬ್ಬರ್, ಗ್ಯಾಸ್ ಪೈಪಿಗೆ ಈ ಪ್ರಯೋಗ ಬೇಡ, ಹೊಸದೇ ಹಾಕಿ. ಮಡಿಕೇರಿ ಘಾಟಿ ಇಳಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಾಷರ್ ತರಲು ಗೋಣಿಕೊಪ್ಪಕ್ಕೆ ಹೋಗುವವರು ಹಳೇ ತುಂಡನ್ನೇ ಜೇಬಿನಲ್ಲಿಟ್ಟುಕೊಳ್ಳಿ, ಬಾಯಲ್ಲಿ ಹೇಳಿದ ಅಳತೆ ಅಂಗಡಿಯಲ್ಲಿ ನಡೆಯುವುದಿಲ್ಲ.