ಅಕ್ಕನ ಸಹಿ ಆಗಲಿ, ಆಮೇಲೆ ಮುಹೂರ್ತ

ಚಿ. ಸೌ. ಸುಮಾಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ಕ್ರಯಪತ್ರದ ಕರಡು ಓದಿದೆ. ಮೈಸೂರಿನಲ್ಲಿ, ಅದೂ ಕುವೆಂಪುನಗರದಲ್ಲಿ 80 ಲಕ್ಷಕ್ಕೆ ಮನೆ ಸಿಕ್ಕಿದ್ದು ಸಂತೋಷವೇ. ಆದರೆ ಮಾರುವವರ ಜಾಗದಲ್ಲಿ ಅಣ್ಣತಮ್ಮಂದಿರಿಬ್ಬರ ಹೆಸರಷ್ಟೇ ಇದೆಯಲ್ಲ, ಏನು ಕಥೆ? ಅವರಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಸೈಟು, ವಿಲ್ ಬರೆಯದೆ ತೀರಿಕೊಂಡರು, ತಾಯಿಯೂ ಇಲ್ಲ, ಅಕ್ಕ ಒಬ್ಬರು ಅಮೆರಿಕದಲ್ಲಿದ್ದಾರೆ ಅಂತ ನೀನೇ ಬರೆದಿದ್ದೀಯ. ಹಾಗಿದ್ದರೆ ಆ ಮನೆಯಲ್ಲಿ ಆಕೆಗೂ ಮೂರರಲ್ಲೊಂದು ಪಾಲು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗಿನಿಂದ ಅಪ್ಪನ ಸ್ವಯಾರ್ಜಿತದಲ್ಲಿ ಮಗಳು ಮಗನಿಗೆ ಸಮ. "ಮದುವೆ ಮಾಡಿ ಕಳಿಸಿದ್ದೇವೆ, ಅವಳದೇನೂ ತಕರಾರಿಲ್ಲ" ಅನ್ನುವುದು ಬಾಯಲ್ಲಿದ್ದರೆ ಸಾಲದು.

ಖಾತೆ ಇಬ್ಬರ ಹೆಸರಿಗೇ ಇದೆ ಅಂತ ಬ್ರೋಕರ್ ತೋರಿಸಿದನಂತೆ. ಕಂದಾಯ ಕಟ್ಟುವವರು ಯಾರು ಅಂತ ಖಾತೆ ಹೇಳುತ್ತದೆ, ಹಕ್ಕು ಕೊಡುವುದಿಲ್ಲ. ಇಸಿ, ಅಂದರೆ ಋಣಭಾರ ಪತ್ರ, ಚೊಕ್ಕಟವಾಗಿದೆ ಅನ್ನುತ್ತೀಯ. ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ, ವಾರಸಿನಿಂದ ಬಂದ ಪಾಲು ಕಾಣಿಸದು. ವಂಶವೃಕ್ಷ ತರಿಸಿ ನೋಡು, ಇನ್ನೂ ಯಾರಾದರೂ ಇದ್ದಾರೋ ಏನೋ.

ದಾರಿ ಇದೆ. ಆಕೆ ಬಂದು ಸಹಿ ಹಾಕಲಿ, ಸಾಕ್ಷಿಯಾಗಿ ಅಲ್ಲ, ಮಾರುವವರಲ್ಲಿ ಒಬ್ಬರಾಗಿ. ಬರಲಾಗದಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಕಳಿಸಲಿ. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಇನ್ನೊಂದು ತೊಡಕಿದೆ. 50 ಲಕ್ಷ ಮುಟ್ಟಿದ ಮನೆಗೆ ಕೊಡುವ ಹಣದಲ್ಲೇ ಶೇ. 1 ತೆರಿಗೆ (ಟಿಡಿಎಸ್) ಹಿಡಿಯುತ್ತೇವಲ್ಲ, ಅದು ತಮ್ಮಂದಿರ ಪಾಲಿಗೆ ಸರಿ. ಅನಿವಾಸಿಯಾದ ಅಕ್ಕನ ಪಾಲಿಗೆ ಹಿಡಿಯಬೇಕಾದದ್ದು ಅದಕ್ಕಿಂತ ಬಹಳ ಹೆಚ್ಚು. ಹಿಡಿಯದೆ ಬಿಟ್ಟರೆ ಆದಾಯ ತೆರಿಗೆ ಇಲಾಖೆಯವರು ಹುಡುಕಿಕೊಂಡು ಬರುವುದು ನಿನ್ನನ್ನು. ಆಡಿಟರನ್ನು ಕೇಳದೆ ಆಕೆಗೆ ಒಂದು ರೂಪಾಯಿಯನ್ನೂ ಹಾಕಬೇಡ.

ಆಸ್ತಿಯ ವಿವರ ಇರುವ ಷೆಡ್ಯೂಲನ್ನು ವಕೀಲರು ನೋಡಿದ್ದಾರೆ ಅಂತ ಸುಮ್ಮನಾಗಬೇಡ. ನಾಲ್ಕೂ ದಿಕ್ಕಿನ ಎಲ್ಲೆ ಹೇಳುವ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ ಅಂತಿದೆ; ಮೂಲಪತ್ರದಲ್ಲಿ ರಸ್ತೆ ಪಶ್ಚಿಮಕ್ಕಿದೆ! ಟೈಪ್ ಮಾಡಿದವರು ಹಳೇ ಯಾವುದೋ ಪತ್ರದ ಮೇಲೇ ಬರೆದಿರಬೇಕು. ಗಂಡನನ್ನು ಕರೆದುಕೊಂಡು ಹೋಗಿ ಟೇಪು ಹಿಡಿದು ಅಳೆದು ಬಾ. ನೋಂದಣಿ ಮುಗಿದ ಮೇಲೆ ತಿದ್ದುಪಡಿ ಪತ್ರ ಮಾಡಿಸಬೇಕೆಂದರೆ ಅದೇ ಮಾರಾಟಗಾರರು ಮತ್ತೆ ಬರಬೇಕು. ದುಡ್ಡು ಕೈಸೇರಿದವರು ಫೋನ್ ಎತ್ತಿದರೆ ನಿನ್ನ ಪುಣ್ಯ.

ಖರ್ಚಿನ ಮಾತು: 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿತು. ಮುದ್ರಾಂಕ, ಸೆಸ್ಸು, ಸರ್‌ಚಾರ್ಜು ಸೇರಿದರೆ ಶೇ. 7.6, ಅಂದರೆ ನಿನಗೆ 6 ಲಕ್ಷ 8 ಸಾವಿರ. ಸಾಲದಲ್ಲಿ ಇದನ್ನು ಲೆಕ್ಕ ಹಾಕಿಕೊಳ್ಳಬೇಡ.

ಶ್ರಾವಣದ ಗೃಹಪ್ರವೇಶ ತಪ್ಪಿತು ಅಂತ ನಿಮ್ಮತ್ತೆಯವರು ಬೇಸರ ಮಾಡಿಕೊಂಡರೆ ನನ್ನ ಹೆಸರು ಹೇಳು, ಬೈಸಿಕೊಳ್ಳುತ್ತೇನೆ. ಕಾರ್ತಿಕ ಇದ್ದೇ ಇದೆ. ಕರಡು ತಿದ್ದಿಸಿ ಇನ್ನೊಮ್ಮೆ ಕಳಿಸು, ಮೂಲಪತ್ರದ ಎಲ್ಲ ಹಾಳೆಗಳ ಸಮೇತ. ಈ ಸಲ ಮೂರನೇ ಪುಟ ಬಂದಿಲ್ಲ.

ಇಂತಿ,
ನಿನ್ನ ಮಾವ