ಮಗಳಿಗೊಂದು ಪತ್ರ: ಜಿನೀವಾದ ತೀರ್ಮಾನ, ಎಣ್ಮಕಜೆಯ ನೀರು

ಪ್ರೀತಿಯ ಮಗಳೇ,

ಅಪ್ಪ ಎಡವೋ ಬಲವೋ ಎಂದು ಕೇಳಿದ್ದೀಯ. ಒಂದು ಪಕ್ಷದ ಹೆಸರು ಹೇಳಿಬಿಟ್ಟರೆ ನಿನಗೆ ಏನೂ ತಿಳಿದಂತಾಗುವುದಿಲ್ಲ. ಯಾವ ವಿಷಯದಲ್ಲಿ ಏನು ನಂಬುತ್ತೇನೆ, ಯಾಕೆ ನಂಬುತ್ತೇನೆ ಎಂದು ಬರೆದರೆ ಒಪ್ಪುವುದಕ್ಕೂ ತಳ್ಳಿಹಾಕುವುದಕ್ಕೂ ನಿನ್ನ ಕೈಯಲ್ಲಿ ಏನಾದರೂ ಇರುತ್ತದೆ.

ನನ್ನ ರಾಜಕೀಯದ ಬುಡ ಇಷ್ಟು: ದೂರದಲ್ಲಿ ಕೂತು ತೀರ್ಮಾನ ಮಾಡುವವರು ಅದರ ಪೆಟ್ಟು ಬೀಳುವ ಊರಿಗೆ ಉತ್ತರ ಕೊಡಬೇಕು. ಕೇರಳದ ಉತ್ತರ ತುದಿಯ ನಮ್ಮ ಕಾಸರಗೋಡಿಗೆ ದೆಹಲಿ ದೂರ, ತಿರುವನಂತಪುರವೂ ದೂರ. ಬೆಂಗಳೂರಿಗಂತೂ ನಾವು ಬೇರೆ ರಾಜ್ಯದವರು. ಹಾಗಾಗಿ ವಿದೇಶಾಂಗ ನೀತಿ, ಆರ್ಥಿಕ ನೀತಿ, ಸಾಮಾಜಿಕ ನೀತಿ ಎಂದು ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯವಾಗಿರುವುದು ಇಲ್ಲಿ ಒಂದೇ ಅಂಗಳಕ್ಕೆ ಬಂದು ಬೀಳುತ್ತದೆ.

ಅಡಿಕೆಯನ್ನೇ ತೆಗೆದುಕೋ. ಹೊರದೇಶದ ಅಡಿಕೆಗೆ ನೂರಕ್ಕೆ ನೂರು ಆಮದು ಸುಂಕ ಇದೆ. ಅದರ ಮೇಲೆ ಕನಿಷ್ಠ ಆಮದು ಬೆಲೆ ಎಂಬ ಇನ್ನೊಂದು ತಡೆ. 2023ರ ಫೆಬ್ರವರಿಯಲ್ಲಿ ಅದನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಸರಕಿನ ಬೆಲೆ, ವಿಮೆ, ಹಡಗು ಬಾಡಿಗೆ ಸೇರಿ 351ಕ್ಕಿಂತ ಕಡಿಮೆಯಾದರೆ ಆಮದೇ ನಿಷೇಧ. 351ಕ್ಕೆ ತಂದರೆ ಸುಂಕವೂ ಅಷ್ಟೇ, ಒಟ್ಟು 702 ದಾಟುತ್ತದೆ. ಆ ಬೆಲೆಗೆ ತಂದು ಇಲ್ಲಿಯ ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ಎದುರು ಮಾರಿ ಲಾಭ ಮಾಡುವುದು ನೆಟ್ಟಗಿನ ವ್ಯಾಪಾರದಲ್ಲಿ ಆಗದ ಮಾತು. ಹಾಗಿದ್ದೂ ಹೊರಗಿನ ಅಡಿಕೆ ಬರುತ್ತದೆ. ಹೇಗೆ?

ಸುಂಕ ವಿನಾಯಿತಿ ಇರುವ ದೇಶದ ಹೆಸರಿನಲ್ಲಿ. ಶ್ರೀಲಂಕಾದ ಜೊತೆ 1998ರಲ್ಲಿ ಸಹಿಯಾದ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂತು, ದಕ್ಷಿಣ ಏಷ್ಯಾದ ದೇಶಗಳ ಮುಕ್ತ ವ್ಯಾಪಾರ ಒಪ್ಪಂದವಾದ ಸಾಫ್ಟಾ 2006ರಲ್ಲಿ. ಇಂಡೋನೇಷ್ಯಾದಲ್ಲಿ ಬೆಳೆದ ಅಡಿಕೆಗೆ ನಡುದಾರಿಯಲ್ಲಿ ಅಂಥ ದೇಶದ ಮೂಲ ಪ್ರಮಾಣಪತ್ರ, ಅಂದರೆ ಸರಕು ಅಲ್ಲಿಯದೇ ಎನ್ನುವ ಕಾಗದ, ಅಂಟಿಸಿದರೆ ನೂರು ಶೇಕಡಾ ಸುಂಕ ಕಾಗದದಲ್ಲೇ ಕರಗುತ್ತದೆ. ಇನ್ನು ಉಳಿದದ್ದು ಆ 351. ಅಲ್ಲಿ ಕಿಲೋಗೆ 150ಕ್ಕೆ ಸಿಕ್ಕಿತು ಎಂದುಕೋ. ಬಿಲ್ಲಿನಲ್ಲಿ 351 ಎಂದು ಬರೆದು, ಬ್ಯಾಂಕಿನ ಮೂಲಕ ಪೂರ್ತಿ ಕಳಿಸಿ, ಮೇಲಿನ 201ನ್ನು ಹವಾಲಾದಲ್ಲಿ ಹಿಂದೆ ತರಿಸಿಕೊಳ್ಳುತ್ತಾರೆ. ಅಂದರೆ ಸುಂಕ ಇಲ್ಲದ ಕಡೆ ಕನಿಷ್ಠ ಬೆಲೆಯನ್ನು ನೂರು ರೂಪಾಯಿ ಏರಿಸಿದರೆ ಏರುವುದು ಕಾಗದದ ಮೊತ್ತ ಮಾತ್ರ. ಚುನಾವಣೆ ಹತ್ತಿರ ಬಂದಾಗ ‘ಕನಿಷ್ಠ ಆಮದು ಬೆಲೆ ಏರಿಸುತ್ತೇವೆ’ ಎಂಬ ಭಾಷಣಕ್ಕೆ ಚಪ್ಪಾಳೆ ಬೀಳುತ್ತದಲ್ಲ, ಈ ಲೆಕ್ಕ ಗೊತ್ತಿದ್ದವರು ಚಪ್ಪಾಳೆ ತಟ್ಟುವುದಿಲ್ಲ.

ಬೇರೆ ತೂತುಗಳೂ ಇವೆ. ಹುರಿದ ಅಡಿಕೆ ಎಂದು ಘೋಷಿಸಿದರೆ ಸುಂಕಪಟ್ಟಿಯಲ್ಲಿ ಬೇರೆ ಸಂಕೇತ ಸಂಖ್ಯೆ. 351ರ ಷರತ್ತನ್ನು ಅದಕ್ಕೂ ಹಾಕಿದ್ದು 2025ರಲ್ಲಿ. ರಫ್ತು ಘಟಕ, ವಿಶೇಷ ಆರ್ಥಿಕ ವಲಯಗಳಿಗೆ ಕನಿಷ್ಠ ಬೆಲೆ ಅನ್ವಯಿಸುವುದಿಲ್ಲ. ಅಲ್ಲಿಂದ ಸೋರಿದ ಮಾಲು ಒಳಮಾರುಕಟ್ಟೆಗೆ ಇಳಿಯುತ್ತದೆ. ಮ್ಯಾನ್ಮಾರ್ ಗಡಿಯಿಂದ ಲಾರಿಯಲ್ಲಿ ನುಸುಳಿ ಬರುವುದಕ್ಕಂತೂ ಕಾಗದವೇ ಇಲ್ಲ. 2022ರಲ್ಲಿ ಭೂತಾನದಿಂದ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ಬೆಲೆಯ ಷರತ್ತಿಲ್ಲದೆ ಅನುಮತಿ ಕೊಟ್ಟರು. ಅದು ನೆರೆಯ ದೇಶದ ಜೊತೆಗಿನ ಸ್ನೇಹದ ಲೆಕ್ಕ. ಸ್ನೇಹ ಬೇಡ ಎನ್ನುವವನಲ್ಲ ನಾನು. ಆ ಸ್ನೇಹದ ಖರ್ಚು ಯಾರ ತೋಟದ ಮೇಲೆ ಬೀಳುತ್ತದೆಂದು ಮೊದಲೇ ಹೇಳಬೇಕು, ಬಿದ್ದವರಿಗೆ ಬೇರೆ ದಾರಿಯಿಂದ ತುಂಬಿಕೊಡಬೇಕು.

ಕಾಯಿದೆ ಇಲ್ಲ ಎನ್ನುವ ಹಾಗೂ ಇಲ್ಲ. 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ ಕರೋಟಾರ್ ನಿಯಮಗಳ ಪ್ರಕಾರ ಮೂಲ ಪ್ರಮಾಣಪತ್ರ ಒಂದಿದ್ದರೆ ಸಾಲದು. ಸರಕು ಎಲ್ಲಿ ಹುಟ್ಟಿತು ಎಂಬ ವಿವರ ಆಮದುದಾರನ ಬಳಿಯೇ ಇರಬೇಕು, ಕಸ್ಟಮ್ಸ್ ಕೇಳಿದರೆ ಕೊಡಬೇಕು. ಆದ್ದರಿಂದ ಸಂಸದರಾಗಲು ಹೊರಟವರಲ್ಲಿ ನಾನು ಕೇಳುವ ಪ್ರಶ್ನೆ ಬೆಲೆಯದ್ದಲ್ಲ: ಈ ನಿಯಮದಡಿ ಅಡಿಕೆಯ ಎಷ್ಟು ಕನ್‌ಸೈನ್‌ಮೆಂಟ್ ತಡೆದರು, ಎಷ್ಟಕ್ಕೆ ವಿನಾಯಿತಿ ನಿರಾಕರಿಸಿದರು ಎಂದು ಲೋಕಸಭೆಯಲ್ಲಿ ಕೇಳುತ್ತೀರಾ?

ಇನ್ನೊಂದು ಮಾತನ್ನು ನಮ್ಮ ರಾಜಕಾರಣಿಗಳು ಬಾಯಿಬಿಟ್ಟು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿತು. ಅದು ಸುಳ್ಳು, ಪಿತೂರಿ ಎಂದು ಹೇಳಿಕೊಂಡು ತಿರುಗಿದರೆ ಹತ್ತಿಪ್ಪತ್ತು ವರ್ಷದಲ್ಲಿ ಬೆಳೆಗಾರ ನಡುನೀರಿನಲ್ಲಿ ನಿಲ್ಲುತ್ತಾನೆ. ಆಮದಿನಿಂದ ರಕ್ಷಣೆ ಬೇಕು, ಅದು ಬೇರೆ ಬೆಳೆಗೆ ಹೊರಳಲು ಸಿಗುವ ಸಮಯ ಎಂಬ ತಿಳುವಳಿಕೆಯೂ ಬೇಕು. 1970ರ ದಶಕದ ಆರಂಭದ ಬೆಲೆ ಕುಸಿತಕ್ಕೆ ಉತ್ತರವಾಗಿ 1973ರಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯವರು ಸೇರಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಕಟ್ಟಿದರು. ರಾಜ್ಯದ ಗಡಿ ದಾಟಿದ ಸಹಕಾರ ಅದು. ನನ್ನ ಆರ್ಥಿಕ ನಿಲುವಿಗೆ ಹೆಸರು ಬೇಕೇ ಬೇಕೆಂದರೆ ‘ಸಹಕಾರಿ’ ಎಂದಿಟ್ಟುಕೋ.

ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯಕ್ಕೆ ಬರುತ್ತೇನೆ. ಸರಕಾರದ್ದೇ ಆದ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳು ಈ ಜಿಲ್ಲೆಯಲ್ಲಿ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಹೆಚ್ಚು. ಗೇರಿನ ಚಿಗುರು ಹೀರುವ ಟೀ ಸೊಳ್ಳೆಗೆಂದು 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಸಲ ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಮರದ ತಲೆಗೆ ಎರಡು ಮೂರು ಮೀಟರ್ ಹತ್ತಿರದಿಂದ ಸಿಂಪಡಿಸಿದರೆ ಮದ್ದು ಎಲೆಯ ಮೇಲೆ ಕೂರುತ್ತದೆ. ನಮ್ಮದು ಗುಡ್ಡ, ಕಣಿವೆ. ಹೆಲಿಕಾಪ್ಟರ್ ಅಷ್ಟು ಕೆಳಗೆ ಹಾರಲಾರದು. ಮೇಲಿನಿಂದ ಬಿಟ್ಟದ್ದು ಗಾಳಿಗೆ ತೇಲಿ ಎಣ್ಮಕಜೆಯಂಥ ಕಡೆ ಬಾವಿ, ನೀರಿಗಾಗಿ ಗುಡ್ಡದಲ್ಲಿ ಕೊರೆದ ಸುರಂಗ, ತೋಡು ಎಲ್ಲವನ್ನೂ ಸೇರಿತು. ಬಾವಿಗೆ ಮುಚ್ಚಿಗೆ ಹಾಕಬಹುದು, ಹರಿಯುವ ತೋಡಿಗೆ ಏನು ಹಾಕುತ್ತೀ?

ಇದರ ವಿದೇಶಾಂಗ ನೀತಿ ನೋಡು. ಜಗತ್ತಿನಾದ್ಯಂತ ಎಂಡೋಸಲ್ಫಾನ್ ನಿಲ್ಲಿಸಬೇಕೆಂಬ ಪ್ರಸ್ತಾಪ, ಬೇಗ ಕರಗದ ವಿಷರಾಸಾಯನಿಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಸಭೆಗಳಿಗೆ ಬಂದಾಗ ಭಾರತದ ನಿಯೋಗ 2010ರವರೆಗೂ ವಿರೋಧಿಸಿತು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಕೊನೆಗೆ ಒಪ್ಪಿದ್ದು ಕೆಲವು ಬೆಳೆಗಳಿಗೆ ವಿನಾಯಿತಿ ಗಿಟ್ಟಿಸಿಕೊಂಡ ಮೇಲೆ. ದೇಶದೊಳಗೆ ಅದನ್ನು ತಡೆದದ್ದು ಅದೇ ವರ್ಷ ಮೇ 13ರ ಸುಪ್ರೀಂ ಕೋರ್ಟ್ ಆದೇಶ. 2017ರ ಜನವರಿ 10ರಂದು ಅದೇ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದು ಕೇರಳ ಸರಕಾರಕ್ಕೆ ಹೇಳಿತು. ಐದು ವರ್ಷ ಕಳೆದು 2022ರಲ್ಲಿ ಲೆಕ್ಕ ನೋಡಿದರೆ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ, ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ. ಕೋರ್ಟು ಗದರಿದ ಮೇಲೆ ಉಳಿದವರ ಕೆಲಸ ಮುಂದುವರಿಯಿತು. ಹೊರದೇಶದಲ್ಲಿ ವಾದ ಮಾಡಿದ್ದು ಕೇಂದ್ರ, ಸಿಂಪಡಿಸಿದ್ದು ರಾಜ್ಯದ ಕಂಪನಿ. ಒಂದೇ ಪಕ್ಷವನ್ನು ಬೈದು ಸಮಾಧಾನ ಪಡುವಂತಿಲ್ಲ.

ಸಂವಿಧಾನದ ಏಳನೇ ಅನುಸೂಚಿ ತೆರೆದು ನೋಡು. ಕೇಂದ್ರ ಪಟ್ಟಿಯ 14ನೇ ನಮೂದು ವಿದೇಶಗಳ ಜೊತೆಗಿನ ಒಪ್ಪಂದ, ರಾಜ್ಯ ಪಟ್ಟಿಯ 14ನೇ ನಮೂದು ಕೃಷಿ. ಕೃಷಿ ರಾಜ್ಯದ್ದಾದರೂ ಕೃಷಿಯ ಬೆಲೆ ತೀರ್ಮಾನಿಸುವ ಒಪ್ಪಂದಕ್ಕೆ ರಾಜ್ಯದ ಒಪ್ಪಿಗೆ ಬೇಡ, ಸಹಿಗೆ ಮೊದಲು ಸಂಸತ್ತಿನ ಮತವೂ ಬೇಡ, ಕೇಂದ್ರ ಸಂಪುಟ ಒಪ್ಪಿದರೆ ಸಾಕು. ಇದು ಬದಲಾಗಬೇಕು. ಸಹಿಗೆ ಮೊದಲು ಕರಡು ಸಂಸತ್ತಿನ ಮುಂದೆ ಬರಬೇಕು, ಆಯಾ ಬೆಳೆಯ ರಾಜ್ಯಗಳ ಅಭಿಪ್ರಾಯ ಬರಹದಲ್ಲಿ ದಾಖಲಾಗಬೇಕು. ಮಾತುಕತೆಯ ಗುಟ್ಟು ಹೊರಬೀಳುತ್ತದೆ ಎನ್ನುತ್ತಾರೆ. ಬೀಳಲಿ.

ಇನ್ನು ಭಾಷೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕನ್ನಡ ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ರಾಜ್ಯಗಳ ಗಡಿ ವಿವಾದ ನೋಡಿದ ಮಹಾಜನ ಆಯೋಗದ ವರದಿ ಹೇಳಿತು. ಆ ವರದಿ ನ್ಯಾಯವಾದದ್ದೇ. ಆದರೆ ವಿಲೀನ ಆದಮೇಲೆ ಎಲ್ಲ ಸರಿಹೋಗುತ್ತದೆ ಎಂದು ಕಾಯುತ್ತಾ ಕೂತರೆ ಈಗ ತರಗತಿಯಲ್ಲಿ ಕೂತಿರುವ ಮಗುವಿಗೆ ಗಣಿತದ ಟೀಚರ್ ಸಿಗುವುದಿಲ್ಲ. 2017ರ ಕಾನೂನು ಹತ್ತನೇ ತರಗತಿಯವರೆಗೆ ಮಲಯಾಳ ಕಲಿಕೆ ಕಡ್ಡಾಯ ಮಾಡಿತು. ಮಲಯಾಳ ಕಲಿ, ಚೆನ್ನಾಗಿಯೇ ಕಲಿ. ನನ್ನ ತಕರಾರಿರುವುದು ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದವರನ್ನು ನೇಮಿಸುವುದರಲ್ಲಿ.

ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸಲು ‘ಪ್ರಯತ್ನಿಸಬೇಕು’ ಎನ್ನುತ್ತದೆ, ಅಷ್ಟೇ. ಹೈಸ್ಕೂಲಿನ ಹೆಸರಿಲ್ಲ. 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದ ಸೂತ್ರವೊಂದಿದೆ: ಇಡೀ ಶಾಲೆಯಲ್ಲಿ 40, ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಅಧ್ಯಾಪಕರನ್ನು ಕೊಡಬೇಕು. ನಮ್ಮವರೇ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸಾಗಿಸಿ ಸಂಖ್ಯೆ ಹತ್ತಕ್ಕಿಂತ ಕೆಳಗಿಳಿದರೆ ಕೇಳುವ ಹಕ್ಕು ನಮ್ಮ ಕೈಯಿಂದಲೇ ಜಾರುತ್ತದೆ. ಇದನ್ನು ಸಭೆಯಲ್ಲಿ ಹೇಳಿದರೆ ಹಲವರಿಗೆ ಹಿಡಿಸುವುದಿಲ್ಲ.

ಅಹವಾಲು ಬರೆಯುವ ಸಂದರ್ಭ ಬಂದರೆ ಕನ್ನಡದಲ್ಲೇ ಬರೆ, 350ನೇ ವಿಧಿ ಆ ಹಕ್ಕು ಕೊಟ್ಟಿದೆ. ಉತ್ತರವೂ ಕನ್ನಡದಲ್ಲೇ ಬರಬೇಕೆಂದು ಆ ವಿಧಿ ಹೇಳುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಉತ್ತರ ಬೇಕೆಂದು ಅಹವಾಲಿನಲ್ಲೇ ಕೇಳು. ‘ಕನ್ನಡಕ್ಕೆ ಅನ್ಯಾಯವಾಗಿದೆ’ ಎಂದು ಬರೆದರೆ ಅದು ಫೈಲಿನಲ್ಲಿ ಮಲಗುತ್ತದೆ. ಯಾವ ಹುದ್ದೆ, ಯಾವ ತಾರೀಕಿನಿಂದ ಖಾಲಿ, ತರಗತಿವಾರು ಮಕ್ಕಳೆಷ್ಟು, ಯಾವ ಆದೇಶ ಬೇಕು, ಇಷ್ಟು ಒಂದೇ ಪುಟದಲ್ಲಿ ಇರಲಿ. ಒಂದು ಪ್ರತಿ ಜಿಲ್ಲಾಧಿಕಾರಿಗೆ, ಒಂದು 350ಬಿ ವಿಧಿಯಡಿ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಕಮಿಷನರಿಗೆ. ಅವರ ವರದಿ ಸಂಸತ್ತಿನ ಎರಡೂ ಸದನಗಳ ಮುಂದೆ ಹೋಗುತ್ತದೆ. ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕು, 10 ರೂಪಾಯಿ ಶುಲ್ಕ, 30 ದಿನದ ಗಡುವು. ಖಾಲಿ ಹುದ್ದೆಯನ್ನು ಪಿಎಸ್‌ಸಿಗೆ (ನೇಮಕಾತಿ ಮಾಡುವ ಕೇರಳ ಲೋಕಸೇವಾ ಆಯೋಗಕ್ಕೆ) ಯಾವ ದಿನ ವರದಿ ಮಾಡಿದಿರಿ ಎಂದು ಕೇಳು. ಗಂಟು ಹೆಚ್ಚಾಗಿ ಅಲ್ಲಿಯೇ ಇರುತ್ತದೆ. ವರದಿ ಮಾಡದೆ ದಿನಗೂಲಿ ಅಧ್ಯಾಪಕರಲ್ಲಿ ವರ್ಷ ಕಳೆಯುತ್ತಾರೆ.

ಆರೋಗ್ಯದ ಮಾತು ಚಿಕ್ಕದು, ಆದರೆ ನನಗೆ ತುಂಬ ಮುಖ್ಯ. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿರಸ್ತೆಗಳನ್ನು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ರೋಗಿಗಳು ಪ್ರಾಣ ಬಿಟ್ಟರು. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. ಅದು ಅಷ್ಟರೊಳಗೆ ಪೂರ್ಣ ಆಸ್ಪತ್ರೆಯಾಗಿದ್ದರೆ ಗಡಿಯ ತಲಪಾಡಿಯಲ್ಲಿ ರಸ್ತೆಗೆ ಅಡ್ಡಲಾಗಿ ಸುರಿದ ಮಣ್ಣಿನ ದಿಬ್ಬ ಜೀವಕ್ಕೆ ಮುಳುವಾಗುತ್ತಿರಲಿಲ್ಲ. ನುಡಿ ನಮ್ಮದೇ ಇರಬಹುದು, ಮಂಗಳೂರು ನಮ್ಮದೇ ಅನಿಸಬಹುದು, ಆದರೂ ತುರ್ತು ಚಿಕಿತ್ಸೆ ನಮ್ಮ ಜಿಲ್ಲೆಯಲ್ಲೇ ಇರಬೇಕು ಎಂಬುದರಲ್ಲಿ ನನಗೆ ರಾಜಿಯಿಲ್ಲ.

ಗಲ್ಫಿನ ಬಗ್ಗೆ ಒಂದೇ ಮಾತು. ಎಸ್ಸೆಸ್ಸೆಲ್ಸಿ ಪಾಸಾಗದವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು. ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ವಿಸಿಟ್ ವೀಸಾದಲ್ಲಿ ಕಳಿಸಿದರೆ ಈ ಯಾವ ಕಾಗದವೂ ಹುಟ್ಟುವುದಿಲ್ಲ, ಹೊರದೇಶಕ್ಕೆ ಕೆಲಸಕ್ಕೆ ಹೋಗುವವರ ಪ್ರವಾಸಿ ಭಾರತೀಯ ವಿಮೆಯ 10 ಲಕ್ಷವೂ ಇಲ್ಲ. ಮೋಸ ನಡೆಯುವುದೇ ಹಾಗೆ. ಕೊಲ್ಲಿಯಲ್ಲಿ ಯುದ್ಧವಾದರೆ ನಮ್ಮ ದೇಶ ಯಾರ ಕಡೆ ಎಂಬ ಚರ್ಚೆಗಿಂತ ಕೂಲಿಯವರ ಕರಾರು ಯಾವ ದೂತಾವಾಸದಲ್ಲಿ ದಾಖಲಾಗಿದೆ ಎಂಬುದು ನನಗೆ ದೊಡ್ಡ ಪ್ರಶ್ನೆ.

ಒಂದು ಮತದಿಂದ ಏನಾಗುತ್ತದೆ ಎಂದು ಯಾರಾದರೂ ಹೇಳಿದರೆ ನಮ್ಮ ಜಿಲ್ಲೆಯ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಫಲಿತಾಂಶ ತೋರಿಸು: 2016ರಲ್ಲಿ ಗೆಲುವಿನ ಅಂತರ 89, 2021ರಲ್ಲಿ 745. ಮತದಾರರ ಪಟ್ಟಿಗೆ ಸೇರಲು ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ತಾರೀಕು. ನಿನಗೆ ಹದಿನೆಂಟು ತುಂಬಿದ ಮೇಲೆ ಬರುವ ಅಂಥ ಮೊದಲ ದಿನಕ್ಕೆ ಹೆಸರು ಸೇರಿಸುವ ಫಾರಂ 6 ಹಾಕು. ಅಭ್ಯರ್ಥಿಗಳ ಫಾರಂ 26ರ ಅಫಿಡವಿಟ್ ಚುನಾವಣಾ ಆಯೋಗದ ಸೈಟಿನಲ್ಲಿ ಸಿಗುತ್ತದೆ, ಆಸ್ತಿ, ಸಾಲ, ಕೇಸು ಮೂರನ್ನೂ ಓದು. ಒಪ್ಪಂದಗಳ ವಿಷಯದಲ್ಲಿ ನಾನು ಬರೆದದ್ದು ನಿನಗೆ ಸರಿ ಕಾಣದಿದ್ದರೆ ಯಾಕೆಂದು ಬರೆ. ಅದಕ್ಕೆ ನನ್ನಲ್ಲಿ ಉತ್ತರ ಇರಬೇಕು.

ಆಶೀರ್ವಾದಗಳೊಂದಿಗೆ,
ಅಪ್ಪ